ಬಣ್ಣದಜ್ಜಿ ಸಾಹೇಬನ ಮೈ ನೋಡಿದ್ದು

ಬೀದಿಯ ಕೊನೆಯಲ್ಲಿ ಬಟ್ಟೆಗೆ ಬಣ್ಣ ಹಾಕುವವರ ಮನೆಯಿದೆ. ಯಾರನ್ನೂ ವಿಳಾಸ ಕೇಳಬೇಕಾಗಿಲ್ಲ. ಮೆಟ್ಟಿಲ ಮೇಲೆ ನೀಲಿ ಹೆಜ್ಜೆ, ಬಾಗಿಲ ಚಿಲಕದ ಮೇಲೆ ಹಳದಿ ಬೆರಳಿನ ಗುರುತು, ಗೋಡೆಯ ಮೇಲೆ ಯಾರೋ ಕೈ ಒರೆಸಿ ಮರೆತ ಕೆಂಪು ಕಂಡರೆ ಅದೇ ಮನೆ. ಮಹಡಿಯ ಹಗ್ಗದ ಮೇಲೆ ಒಣಗುವ ಪರದೆಗಳು, ಶಾಲುಗಳು ಗಾಳಿ ಬಂದಾಗ ಒಟ್ಟಿಗೆ ಮೇಲೇಳುತ್ತವೆ. ಆಗ ಮನೆಯೇ ರೆಕ್ಕೆ ಬಿಚ್ಚಿ ಹಾರಲು ಹೊರಟಂತೆ ಕಾಣುತ್ತದೆ.

ಆ ಮನೆಯ ಹಿರಿಯಳನ್ನು ಬೀದಿಯವರೆಲ್ಲ ಬಣ್ಣದಜ್ಜಿ ಎನ್ನುತ್ತಾರೆ. ಐವತ್ತು ವರ್ಷ ಹಂಡೆಯ ಮುಂದೆ ನಿಂತವಳು. ಹೋದ ವರ್ಷ ಅವಳ ಅಂಗೈ ಬಿರುಕು ಬಿಟ್ಟು, ಇನ್ನು ಬಣ್ಣದ ನೀರು ಮುಟ್ಟಲೇಬಾರದು ಎಂದು ಡಾಕ್ಟರು ಹೇಳಿಬಿಟ್ಟರು. ಅಂದಿನಿಂದ ಅಜ್ಜಿ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಳು. ದಿನ ಕಳೆದಂತೆ ಮಾತು ಕಡಿಮೆಯಾಯಿತು, ಊಟ ಕಡಿಮೆಯಾಯಿತು, ಬೈಗುಳವೂ ಕಡಿಮೆಯಾಯಿತು. ಬೈಗುಳ ಕಡಿಮೆಯಾದ ಮೇಲೆ ಮಗನಿಗೆ ನಿಜವಾಗಿ ಭಯವಾಯಿತು.

"ಯಾಕಮ್ಮಾ, ಹೀಗೆ ಮಂಕಾಗಿ ಕೂತಿದೀಯ?" ಎಂದು ಒಂದು ದಿನ ಕೇಳಿದ.

"ನೀನು ಹಾಕಿದ ಹಸಿರು ನೋಡಿದ್ಯಾ? ಅದನ್ನ ನೋಡಿ ಮಂಕು ಹಿಡೀತು."

ಅಷ್ಟಾದರೂ ಬೈದಳಲ್ಲ ಎಂದು ಮಗ ಖುಷಿಪಟ್ಟ. ಬಣ್ಣವಿಲ್ಲದೆ ಅಮ್ಮನಿಗೆ ಉಸಿರಾಡಲು ಆಗುವುದಿಲ್ಲ, ಮುಟ್ಟುವಂತೆಯೂ ಇಲ್ಲ. ಹಾಗಾದರೆ ತಾನಾಗಿಯೇ ಬಣ್ಣ ಹಾಕಿಕೊಳ್ಳುವಂಥದ್ದು ಏನಿದೆ? ಎರಡು ದಿನ ತಲೆ ಕೆಡಿಸಿಕೊಂಡ. ಮೂರನೆಯ ದಿನ ಒಂದು ಪೆಟ್ಟಿಗೆ ಹಿಡಿದು ಬಂದ. ಅದರೊಳಗೆ ಒಂದು ಕೊಂಬೆ, ಕೊಂಬೆಯ ಮೇಲೆ ಒಂದು ಊಸರವಳ್ಳಿ.

"ಅಯ್ಯೋ, ಕಾಡಿನ ಜೀವಾನ ಯಾಕೋ ಹಿಡಿದು ತಂದೆ?" ಎಂದಳು ಅಜ್ಜಿ.

"ಕಾಡಿಂದ ತಂದಿದ್ದಲ್ಲಮ್ಮ. ಪರವಾನಗಿ ಇರೋರು ಸಾಕಿದ ತಾಯಿಯ ಮೊಟ್ಟೆಯಿಂದ ಹುಟ್ಟಿದ್ದು. ಇಗೋ ಕಾಗದ. ಮೂರು ದಿನ ನೋಡಿ, ಸರಿಹೋಗಲಿಲ್ಲ ಅಂದ್ರೆ ವಾಪಸ್ ತಗೋತೀವಿ ಅಂದಿದಾರೆ."

ಅಷ್ಟರಲ್ಲಿ ಊಸರವಳ್ಳಿ ಕೊಂಬೆಯ ಮೇಲೆ ಒಂದು ಕಾಲು ಮುಂದಿಟ್ಟಿತು. ಇಟ್ಟು, ಯೋಚಿಸಿ, ಹಿಂದೆ ತೆಗೆದುಕೊಂಡಿತು. ಮೈ ತೂಗಿತು. ಮತ್ತೆ ಇಟ್ಟಿತು. ಅದರ ಒಂದು ಕಣ್ಣು ಅಜ್ಜಿಯನ್ನೂ ಇನ್ನೊಂದು ಕಣ್ಣು ಗೋಡೆಯ ಗಡಿಯಾರವನ್ನೂ ನೋಡುತ್ತಿತ್ತು.

"ಇದ್ಯಾವ ಆಫೀಸಿನ ಸಾಹೇಬನಪ್ಪಾ!" ಅಜ್ಜಿ ಗಟ್ಟಿಯಾಗಿ ನಕ್ಕಳು. "ಒಂದು ಸಹಿ ಹಾಕೋಕೆ ಒಂಬತ್ತು ಸಲ ಯೋಚನೆ ಮಾಡ್ತಾನೆ. ಕಣ್ಣು ಮಾತ್ರ ಗಡಿಯಾರದ ಮೇಲೆ!"

ಅವಳು ನಕ್ಕು ಎಂಟು ತಿಂಗಳಾಗಿತ್ತು. ಒಳಗಿದ್ದ ಸೊಸೆ ಕೈಯಲ್ಲಿದ್ದ ಸೌಟನ್ನು ಹಿಡಿದುಕೊಂಡೇ ಓಡಿ ಬಂದಳು. ಹೀಗೆ ಸಾಹೇಬ ಆ ಮನೆಯವನಾದ.

ಅಂದೇ ಮಗ ಅವನಿಗೊಂದು ಪಂಜರ ಸಿದ್ಧಮಾಡಿದ. ಸಂಜೆ ಅಜ್ಜಿ ಅದರ ಪಕ್ಕ ಕೂತು ಅವನಿಗೇ ಒಂದು ಕಥೆ ಹೇಳಿದಳು. ಲೋಕದ ಪ್ರಾಣಿಗಳಿಗೆಲ್ಲ ಬಣ್ಣ ಹಂಚಿದ ದಿನ ಗಿಣಿ ಓಡಿ ಬಂದು ಹಸಿರು ತೆಗೆದುಕೊಂಡಿತಂತೆ, ಕಾಗೆ ಕಪ್ಪು ತೆಗೆದುಕೊಂಡಿತಂತೆ. ಊಸರವಳ್ಳಿ ಮಾತ್ರ ಹೀಗೇ ಒಂದೊಂದು ಹೆಜ್ಜೆ ತೂಗಿ ತೂಗಿ ಬರುವಷ್ಟರಲ್ಲಿ ಹಂಡೆಗಳೆಲ್ಲ ಖಾಲಿ. ಹಂಚುವವರಿಗೆ ಪಾಪ ಅನ್ನಿಸಿ, ಎಲ್ಲ ಹಂಡೆಗಳ ತಳ ಕೆರೆದು ಒಂದೊಂದು ಚಿಟಿಕೆ ಮೈಗೆ ಬಳಿದು ಕಳಿಸಿದರಂತೆ. "ಅದಕ್ಕೇ ಕಣೋ ನಿನ್ನ ಹತ್ರ ಎಲ್ಲಾ ಬಣ್ಣಾನೂ ಇರೋದು" ಎಂದಳು. ಸಾಹೇಬ ಕಣ್ಣು ತಿರುಗಿಸಿ ಕೇಳಿದ.

ಆದರೆ ಮೂರನೆಯ ದಿನ ಬೆಳಿಗ್ಗೆ ಸಾಹೇಬನ ಮೈ ಕಪ್ಪಿಟ್ಟಿತ್ತು. ಹಸಿರಿಲ್ಲ, ಪಟ್ಟೆಯಿಲ್ಲ, ತಳ ಹಿಡಿದ ಪಾತ್ರೆಯ ಬಣ್ಣ.

ಇದಕ್ಕೆ ಕಾರಣ ಮನೆಯೊಳಗೇ ಇತ್ತು. ದೀಪದ ಬೆಳಕಲ್ಲಿ ಬಣ್ಣ ನೋಡಬಾರದು, ದೀಪ ಸುಳ್ಳು ಹೇಳುತ್ತದೆ ಎನ್ನುವುದು ಬಣ್ಣ ಹಾಕುವವರ ಕಟ್ಟುನಿಟ್ಟು. ಆದ್ದರಿಂದ ಪಂಜರದ ಮೇಲೆ ಮಗ ಕಟ್ಟಿದ್ದ ದೀಪವನ್ನು ಅಜ್ಜಿ ಮೊದಲ ದಿನವೇ ಆರಿಸಿಬಿಟ್ಟಿದ್ದಳು. ಅದು ಸಾಹೇಬನಿಗೆ ಬಿಸಿಲಿನ ಬದಲಿಗೆ ಕೊಟ್ಟ ದೀಪವೆಂದು ಅವಳಿಗೆ ಗೊತ್ತಿರಲಿಲ್ಲ. ಸಾಕುವವರು ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಚೀಟಿ ಮಗನ ಜೇಬಿನಲ್ಲಿತ್ತು. ಅಂಗಿ ಒಗೆಯಲು ಹೋಯಿತು, ಜೊತೆಗೆ ಚೀಟಿಯೂ ಹೋಯಿತು.

ಅಷ್ಟೇ ಅಲ್ಲ. ಸಾಹೇಬ ಕೂತ ಕಡೆಯ ಬಣ್ಣ ಹಿಡಿಯುತ್ತಾನೋ ಇಲ್ಲವೋ ನೋಡೋಣ ಎಂದು ಅಜ್ಜಿ ಎರಡು ದಿನದಿಂದ ಅವನನ್ನು ಶಾಲುಗಳ ಮೇಲೆ ಕೂರಿಸುತ್ತಿದ್ದಳು. ಮೊದಲು ಕೆಂಪು ಶಾಲು, ಆಮೇಲೆ ಹಳದಿ ಶಾಲು, ಆಮೇಲೆ ಹಸಿರು. ಸಾಹೇಬ ಯಾವುದನ್ನೂ ಹಿಡಿಯಲಿಲ್ಲ. ಕಡೆಗೆ ನಿನ್ನೆ ಸಂಜೆ ಕಡುನೀಲಿ ಶಾಲಿನ ಮೇಲೆ ಕೂರಿಸಿದ್ದಳು, ಇವತ್ತು ಮತ್ತೆ ಅದರ ಮೇಲೇ ಇಟ್ಟಳು.

"ಹಿಡೀತು ನೋಡೇ! ಎಂಥಾ ಗಾಢ ಬಣ್ಣ! ಇಷ್ಟು ಗಾಢ ಹಿಡಿಯೋಕೆ ಮೈಯಲ್ಲಿ ಕಸುವಿರಬೇಕು."

ಸೊಸೆ ಬಗ್ಗಿ ನೋಡಿದಳು. "ಅತ್ತೆ, ಒಂದು ಕಣ್ಣು ಮುಚ್ಚಿಕೊಂಡೇ ಇದಾನಲ್ಲ?"

"ನನಗೆ ಕಣ್ಣು ಹೊಡೀತಿದಾನೆ. ನಿನಗ್ಯಾಕೆ ಹೊಟ್ಟೆಕಿಚ್ಚು?"

"ನಿನ್ನೆ ಸಂಜೆಯಿಂದ ಹೊಡೀತಾನೇ ಇದಾನೆ ಅತ್ತೆ. ಇಷ್ಟು ಹೊತ್ತು ಯಾರೂ ಕಣ್ಣು ಹೊಡೆಯಲ್ಲ."

ಮಗನೂ ಬಂದು ನೋಡಿದ. ಹಣೆ ಗಂಟಿಕ್ಕಿದ. "ಅಮ್ಮಾ, ಇದು ಸರಿಯಿಲ್ಲ ಅನ್ಸುತ್ತೆ. ಇವತ್ತೇ ಮೂರನೇ ದಿನ. ಸಂಜೆ ಐದರೊಳಗೆ ವಾಪಸ್ ಕೊಟ್ಟು ಬೇರೆ ತರೋಣ. ಕೆಟ್ಟ ಬಟ್ಟೆ ಥಾನು ಬಂದ್ರೆ ನಾವು ವಾಪಸ್ ಕಳಿಸಲ್ವಾ?"

ಅಜ್ಜಿ ಸಾಹೇಬನನ್ನು ಪಂಜರಕ್ಕೆ ಸೇರಿಸಿ, ಪಂಜರವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಳು. "ಇವನು ಥಾನಲ್ಲ. ಇವನಿಗೆ ನಾನು ಕಥೆ ಹೇಳಿದೀನಿ" ಎಂದಳು. ಅವಳ ಧ್ವನಿ ಸಣ್ಣದಾಗಿತ್ತು. ಮತ್ತೆ ಆ ಕುರ್ಚಿ, ಮತ್ತೆ ಆ ಕಿಟಕಿ ಅವಳ ಕಣ್ಣ ಮುಂದೆ ಬಂದಿತ್ತೋ ಏನೋ.

ಅದೇ ಹೊತ್ತಿಗೆ ಬಾಗಿಲಲ್ಲಿ ಎದುರುಮನೆಯ ಹುಡುಗಿ ನಿಂತಿದ್ದಳು. ಪ್ರಾಣಿಗಳ ಆಸ್ಪತ್ರೆಯಲ್ಲಿ ನರ್ಸು. ಬಣ್ಣಕ್ಕೆ ಕೊಟ್ಟಿದ್ದ ಪರದೆ ಒಯ್ಯಲು ಬಂದಿದ್ದಳು. ಮೂವರೂ ಒಟ್ಟಿಗೆ ಮಾತಾಡಿದ್ದರಿಂದ ಅವಳಿಗೆ ಮೊದಲು ಏನೂ ತಿಳಿಯಲಿಲ್ಲ. ಆಮೇಲೆ ತಿಳಿಯಿತು.

"ಅಜ್ಜಿ, ಊಸರವಳ್ಳಿ ಕೂತ ಕಡೆಯ ಬಣ್ಣ ಹಿಡಿಯಲ್ಲ" ಎಂದಳು ನರ್ಸು. "ಅದು ಬಿಸಿಲು, ಚಳಿ, ಸಿಟ್ಟು, ಭಯ, ಖುಷಿ ನೋಡಿಕೊಂಡು ಬಣ್ಣ ಬದಲಾಯಿಸೋದು. ಈಗ ಕಪ್ಪಾಗಿರೋದು ಶಾಲಿನಿಂದಲ್ಲ. ಚಳಿ ಆಗಿರಬೇಕು, ಇಲ್ಲಾ ಮೈ ಹುಷಾರಿಲ್ಲ."

"ಬಣ್ಣದ ವಿಷಯ ನನಗೆ ಹೇಳಿಕೊಡ್ತೀಯಾ?" ಅಜ್ಜಿಗೆ ಕೋಪ ಬಂತು. "ನಿನ್ನ ಅಮ್ಮನ ತೊಟ್ಟಿಲು ಬಟ್ಟೆಗೆ ಬಣ್ಣ ಹಾಕಿದೋಳು ನಾನು."

"ಹೌದಜ್ಜಿ, ಒಪ್ಪಿದೆ. ಒಂದು ಮಾತು ಕೇಳ್ತೀನಿ. ಹೊಸ ಥಾನು ಬಂದ್ರೆ ನೀವು ಮೊದಲು ಏನು ನೋಡ್ತೀರಾ? ಬಣ್ಣಾನಾ?"

"ಬಿಳಿ ಥಾನಲ್ಲಿ ಬಣ್ಣ ಎಲ್ಲಿಂದ ಬಂತೇ? ಮೊದಲು ಬಟ್ಟೆ ನೋಡಬೇಕು. ಬಿಚ್ಚಿ ಬೆಳಕಿಗೆ ಹಿಡೀಬೇಕು. ಎಲ್ಲಿ ತೆಳ್ಳಗಾಗಿದೆ, ಎಲ್ಲಿ ತೂತಾಗಿದೆ, ಅಂಚು ನೆಟ್ಟಗಿದ್ಯಾ, ಎಳೆ ಎದ್ದಿದ್ಯಾ, ಎಲ್ಲಾ ನೋಡಬೇಕು. ಎರಡೂ ಮಗ್ಗುಲು ನೋಡಬೇಕು. ಆಮೇಲೆ ತಾನೇ ಬಣ್ಣದ ಮಾತು!"

"ಮತ್ತೆ ಸಾಹೇಬನ ವಿಷಯದಲ್ಲಿ ನೇರ ಬಣ್ಣಕ್ಕೇ ಹೋಗ್ಬಿಟ್ರಲ್ಲ, ಅಜ್ಜಿ?"

ಅಜ್ಜಿ ಸೆರಗಿನಿಂದ ಕನ್ನಡಕ ಒರೆಸತೊಡಗಿದಳು.

"ಅತ್ತೆಗೆ ಉತ್ತರ ಸಿಗಲಿಲ್ಲ!" ಎಂದಳು ಸೊಸೆ. "ಕ್ಯಾಲೆಂಡರಲ್ಲಿ ಇವತ್ತಿನ ದಿನಕ್ಕೆ ಗುರುತು ಹಾಕ್ತೀನಿ."

ಅಜ್ಜಿ ಸೊಸೆಯ ಕಡೆ ಒಂದು ನೋಟ ಬಿಸಾಕಿ, ಮೂಗಿನ ಮೇಲೆ ಕನ್ನಡಕ ಏರಿಸಿದಳು. "ಸರಿ, ಎಲ್ಲಿಂದ ಶುರು ಮಾಡೋದು ಹೇಳೇ ಹುಡುಗಿ."

ಪಂಜರವನ್ನು ಕಿಟಕಿಯ ಹತ್ತಿರ ತಂದರು. ಮೊದಲು ಯಾರೂ ಮುಟ್ಟಬಾರದು, ಸುಮ್ಮನೆ ನೋಡಬೇಕು ಎಂದಳು ನರ್ಸು. "ಮುಟ್ಟಿದ ತಕ್ಷಣ ಹೆದರಿಕೊಂಡು ಇಲ್ಲದ ಬಣ್ಣಾನೆಲ್ಲ ತೋರಿಸುತ್ತೆ. ಐದು ನಿಮಿಷ ದೂರದಿಂದ ನೋಡಿ. ಮೊದಲು ಕಣ್ಣು. ಎರಡೂ ಕಣ್ಣು ಗುಮ್ಮಟದ ಹಾಗೆ ಉಬ್ಬಿ, ಹಗಲೆಲ್ಲ ತೆರೆದಿರಬೇಕು. ಒಂದು ಅತ್ತ, ಒಂದು ಇತ್ತ ತಿರುಗ್ತಾ ಇರಬೇಕು."

"ಒಂದು ಮುಚ್ಚಿದೆ" ಎಂದಳು ಅಜ್ಜಿ ನಿಧಾನವಾಗಿ. "ಇನ್ನೊಂದು ತಿರುಗುತ್ತೆ, ಆದ್ರೆ ಸ್ವಲ್ಪ ಒಳಗೆ ಹೋಗಿದೆ. ಬಂದ ದಿನ ಹೀಗಿರಲಿಲ್ಲ."

"ನೆನಪಿಟ್ಟುಕೊಳ್ಳಿ. ಈಗ ಬಾಯಿ."

ಬಾಯಿ ಸರಿಯಾಗಿ ಮುಚ್ಚಿತ್ತು. ತುಟಿಯ ಅಂಚಿನಲ್ಲಿ ಊತವಿಲ್ಲ, ಕೀವಿಲ್ಲ, ನೊರೆಯಿಲ್ಲ. ಬಾಯಿ ತೆರೆದು ಏದುಸಿರು ಬಿಡುತ್ತಲೂ ಇರಲಿಲ್ಲ. ಅಜ್ಜಿಗೆ ಸ್ವಲ್ಪ ಧೈರ್ಯ ಬಂತು. ನರ್ಸು ಹೇಳಿದಂತೆ ತಲೆಯ ಮೇಲಿನ ಕಿರೀಟದಂಥ ಉಬ್ಬಿನ ಪಕ್ಕ ಗುಳಿ ಬಿದ್ದಿದೆಯೇ ನೋಡಿದಳು, ಬಿದ್ದಿರಲಿಲ್ಲ. ಪಕ್ಕೆಲುಬು ಎಣಿಸಲು ಹೋದಳು, ಎಣಿಸುವಷ್ಟು ಎದ್ದಿರಲಿಲ್ಲ. ಸೊಂಟದ ಮೂಳೆಯೂ ಚುಚ್ಚಿಕೊಂಡಿರಲಿಲ್ಲ.

"ಮೈ ಚೆನ್ನಾಗಿ ತುಂಬಿಕೊಂಡಿದೆ. ಹಾಗಂದ್ರೆ ಸಾಕಿದೋರು ಚೆನ್ನಾಗೇ ಸಾಕಿದಾರೆ" ಎಂದಳು ನರ್ಸು. ಮಗ ಗಡಿಯಾರ ನೋಡುವುದನ್ನು ಬಿಟ್ಟು ಹತ್ತಿರ ಬಂದ.

"ಕಾಲು ನೋಡಿ ಅಜ್ಜಿ. ನೆಟ್ಟಗಿವೆಯಾ? ಮೂಳೆ ಮೆತ್ತಗಾಗಿದ್ರೆ ಬಿಲ್ಲಿನ ಹಾಗೆ ಬಾಗಿರುತ್ತೆ, ಹೊಟ್ಟೆ ಕೊಂಬೆಗೆ ತಾಗುತ್ತೆ."

"ನೆಟ್ಟಗಿವೆ. ಹೊಟ್ಟೆ ಎತ್ತಿಕೊಂಡೇ ನಡೀತಾನೆ. ಸಾಹೇಬ ತಾನೇ!"

"ಈಗ ಹಿಡಿತ. ಎಳೀಬೇಡಿ, ಉಗುರು ಕಿತ್ತು ಹೋಗುತ್ತೆ. ಕೈ ಮುಂದೆ ಇಡಿ, ತಾನಾಗೇ ಹತ್ತಲಿ."

ಅಜ್ಜಿ ಬಿರುಕು ಬಿಟ್ಟ ಕೈ ಚಾಚಿದಳು. ಸಾಹೇಬ ಯೋಚಿಸಿದ, ತೂಗಿದ, ಹತ್ತಿದ. ಅವನ ಪಾದಗಳು ಪುಟ್ಟ ಇಕ್ಕಳದ ಹಾಗೆ ಎರಡು ಕವಲಿನವು. ಮುಂದಿನ ಎರಡು ಇಕ್ಕಳ ಅಜ್ಜಿಯ ಬೆರಳನ್ನು ಗಟ್ಟಿಯಾಗಿ ಕಚ್ಚಿಕೊಂಡವು. ಹಿಂದಿನ ಎಡಗಾಲು ಕೂಡ ಹಿಡಿಯಿತು. ಬಲಗಾಲು ಮಾತ್ರ ತಾಗಿ, ಜಾರಿ, ಗಾಳಿಯಲ್ಲಿ ನಿಂತಿತು.

ನರ್ಸು ಬಗ್ಗಿ ನೋಡಿದಳು. ಗಾಯವಿಲ್ಲ, ಸುಟ್ಟ ಗುರುತಿಲ್ಲ, ಪೊರೆ ಬಿಟ್ಟಾಗ ಉಳಿದ ಹಳೆ ಚರ್ಮದ ಉಂಗುರವೂ ಕಾಣಲಿಲ್ಲ. "ಉಳುಕಿರಬಹುದಾ?" ಎಂದಳು ಅನುಮಾನದಿಂದ.

ಅಜ್ಜಿ ಕೈಯನ್ನು ಬೆಳಕಿಗೆ ಎತ್ತಿ ಹಿಡಿದಳು, ಥಾನು ಹಿಡಿಯುವ ಹಾಗೆಯೇ. ಎಡಗಾಲು ನೋಡಿದಳು, ಬಲಗಾಲು ನೋಡಿದಳು. ಮತ್ತೆ ಎಡ, ಮತ್ತೆ ಬಲ. ಐವತ್ತು ವರ್ಷ ಬಟ್ಟೆಯಲ್ಲಿ ಎದ್ದ ಎಳೆ ಹುಡುಕಿದ ಕಣ್ಣು ಅದು.

"ಬಲಗಡೆ ಕವಲು ಊದಿದೆ. ಬುಡದಲ್ಲಿ ಒಂದು ಎಳೆ ಸುತ್ತಿಕೊಂಡಿದೆ. ಕೂದಲಿಗಿಂತ ಸಣ್ಣದು."

"ಎಲ್ಲಿ? ನನಗೆ ಕಾಣ್ತಾನೇ ಇಲ್ಲ."

"ನಿನಗೆ ಹೇಗೆ ಕಾಣುತ್ತೆ? ಇವನ ಮೈ ಬಣ್ಣಾನೇ ಇದೆ ಅದಕ್ಕೂ." ಅಜ್ಜಿ ಕೈಯನ್ನು ಕಣ್ಣಿನ ಹತ್ತಿರಕ್ಕೆ ತಂದಳು. "ಕಡುನೀಲಿ. ನಮ್ಮ ಶಾಲಿನ ಕುಚ್ಚಿನದು. ಈ ಬಣ್ಣ ನಾನೇ ಹಾಕಿದ್ದು ಕಣೇ. ನನ್ನ ಕೊನೇ ಹಂಡೆ."

ಮಗ ಎಳೆ ಕೀಳಲು ಕೈ ಚಾಚಿದ. ನರ್ಸು ತಡೆದಳು. "ಎಳೆದ್ರೆ ಇನ್ನೂ ಬಿಗಿಯಾಗುತ್ತೆ ಅಣ್ಣಾ. ಇದು ಡಾಕ್ಟರ ಕೆಲಸ. ಹೋಗೋ ಮುಂಚೆ ಇನ್ನೊಂದೇ ನೋಡಬೇಕು. ಬಾಲದ ಬುಡ ಶುಚಿಯಾಗಿದ್ಯಾ, ಆಮೇಲೆ ಅವನ ಹಿಕ್ಕೆ."

"ಸಾಹೇಬರ ಅದನ್ನೂ ನೋಡಬೇಕಾ?" ಎಂದ ಮಗ.

"ನೀನು ಹುಟ್ಟಿದಾಗ ನಾನು ನೋಡಲಿಲ್ವೇನೋ?" ಎನ್ನುತ್ತಲೇ ಅಜ್ಜಿ ಪಂಜರದ ತಟ್ಟೆ ಹೊರಗೆಳೆದಳು. ಬಾಲದ ಬುಡ ಶುಚಿಯಾಗಿತ್ತು. ಹಿಕ್ಕೆಯ ಕಂದು ಭಾಗ ಗಟ್ಟಿಯಾಗಿತ್ತು. ಅದರ ತುದಿಯ ಬಿಳಿ ಭಾಗ ಬಿಳಿಯಾಗಿಯೇ ಇರಬೇಕು ಎಂದಳು ನರ್ಸು.

"ಬಿಳಿ ಇಲ್ಲ. ಒಣಗಿದ ಕಿತ್ತಳೆ ಸಿಪ್ಪೆ ಬಣ್ಣ. ಎರಡು ದಿನದ ಹಿಂದಿನದು ಇಲ್ಲಿದೆ ನೋಡು, ಅದು ಬಿಳಿ. ನಿನ್ನೆಯದು ಬೆಣ್ಣೆ ಬಣ್ಣ. ಇವತ್ತಿನದು ಇದು."

ನರ್ಸು ಚಪ್ಪಾಳೆ ತಟ್ಟಿಬಿಟ್ಟಳು. "ಅಜ್ಜಿ, ಬಣ್ಣ ನೋಡಬೇಕಾದ ಜಾಗ ಇದೇ! ಕಣ್ಣು ಒಳಗೆ ಹೋಗಿದೆ, ಬಿಳಿ ಹೋಗಿ ಕಿತ್ತಳೆ ಆಗಿದೆ. ಇವನಿಗೆ ಬಾಯಾರಿಕೆ."

"ನೀರಿಟ್ಟಿದೀನಲ್ಲ!" ಸೊಸೆ ತುಂಬಿದ ಬಟ್ಟಲು ತೋರಿಸಿದಳು.

"ನಿಂತ ನೀರು ಇವಕ್ಕೆ ಕಾಣೋದೇ ಕಷ್ಟ ಅಕ್ಕಾ. ಎಲೆ ಮೇಲೆ ಹನಿ ಹೊಳೆದ್ರೆ ನಾಲಿಗೆ ಹಾಕಿ ಕುಡೀತಾವೆ. ಬಟ್ಟಲಲ್ಲ, ಹನಿ ಬೇಕು. ಆ ದೀಪಾನೂ ಹಗಲು ಹೊತ್ತು ಉರೀಬೇಕು. ಅದರಲ್ಲಿ ಬಿಸಿಲಿನ ಸತ್ವ ಇರುತ್ತೆ."

ಎಲ್ಲರೂ ಸೋಪು ಹಾಕಿ ಕೈ ತೊಳೆದರು. ಊಸರವಳ್ಳಿಯ ಮೈಮೇಲಿನ ಕ್ರಿಮಿ ನಮ್ಮ ಹೊಟ್ಟೆಗೆ ಹೋಗಬಾರದು, ಪಂಜರ ಮುಟ್ಟಿದರೂ ಕೈ ತೊಳೆಯಲೇಬೇಕು ಎಂದು ನರ್ಸು ಹೇಳಿದ್ದಳು. ಆಮೇಲೆ ಸಾಹೇಬನನ್ನು ಗಾಳಿ ಬಡಿಯದ ಹಾಗೆ ಪೆಟ್ಟಿಗೆಯಲ್ಲಿ ಒಂದು ಕೊಂಬೆಯ ಮೇಲೆ ಕೂರಿಸಿಕೊಂಡು ಹೊರಟರು. ದಾರಿಯುದ್ದಕ್ಕೂ ಪೆಟ್ಟಿಗೆ ಅಜ್ಜಿಯ ಮಡಿಲಿನಲ್ಲಿತ್ತು.

ಆಸ್ಪತ್ರೆಯ ಡಾಕ್ಟರಮ್ಮ ದೊಡ್ಡ ಭೂತಗನ್ನಡಿ ಹಿಡಿದು ನೋಡಿದರು. ಸೂಜಿಯಷ್ಟು ಸಣ್ಣ ಕತ್ತರಿಯಿಂದ ಎಳೆ ಕತ್ತರಿಸಿದರು. ಕಣ್ಣು ತೊಳೆದರು, ಬಾಯಿಗೆ ಹನಿ ಹನಿಯಾಗಿ ನೀರು ಬಿಟ್ಟರು.

"ಸರಿಯಾದ ಹೊತ್ತಿಗೆ ತಂದಿರಿ. ಇನ್ನೆರಡು ದಿನ ಬಿಟ್ಟಿದ್ರೆ ಈ ಬೆರಳುಗಳು ಉಳೀತಿರಲಿಲ್ಲ" ಎಂದರು.

"ಎಳೆ ನನ್ನದೇ ಡಾಕ್ಟರಮ್ಮಾ" ಎಂದಳು ಅಜ್ಜಿ ತಲೆ ತಗ್ಗಿಸಿ.

"ಕಂಡುಹಿಡಿದ ಕಣ್ಣೂ ನಿಮ್ಮದೇ ಅಲ್ವಾ? ನಮ್ಮ ನರ್ಸಿಗೇ ಕಾಣಲಿಲ್ಲವಂತೆ."

ಮನೆಗೆ ಬಂದಾಗ ಐದು ದಾಟಿತ್ತು. ಸಾಹೇಬನನ್ನು ವಾಪಸ್ ಕೊಡುವ ಹೊತ್ತು ಮೀರಿತ್ತು. ಮಗ ಸಾಕುವವರಿಗೆ ಫೋನು ಮಾಡಿದ್ದು ಚೀಟಿಯಲ್ಲಿದ್ದುದನ್ನು ಮತ್ತೆ ಬರೆದುಕೊಳ್ಳಲು ಮಾತ್ರ. ಈ ಸಲ ಸೊಸೆ ಅದನ್ನು ಗೋಡೆಗೆ ಅಂಟಿಸಿದಳು. "ಗೋಡೆಗೆ ಜೇಬಿಲ್ಲ, ಒಗೆಯೋಕೂ ಹೋಗಲ್ಲ" ಎಂದಳು. ನೀರು ಚಿಮುಕಿಸಲು ಇಸ್ತ್ರಿ ಮೇಜಿನ ಬಾಟಲಿ ತರಲು ಹೊರಟ ಗಂಡನನ್ನು ನಿಲ್ಲಿಸಿದವಳೂ ಅವಳೇ. ಬಣ್ಣ ಮುಟ್ಟಿದ ಬಾಟಲಿ ಬೇಡ, ಹೊಸದು ಬೇಕು ಎಂದು ಅಂಗಡಿಗೆ ಓಡಿಸಿದಳು. ಶಾಲುಗಳೆಲ್ಲ ಬೀರು ಸೇರಿದವು.

ಮಾರನೆಯ ಬೆಳಿಗ್ಗೆ ದೀಪ ಹೊತ್ತಿಸಿ, ಎಲೆಗಳ ಮೇಲೆ ನೀರು ಚಿಮುಕಿಸಿ, ನಾಲ್ವರೂ ಉಸಿರು ಬಿಗಿಹಿಡಿದು ಕೂತರು. ನರ್ಸು ಕೆಲಸಕ್ಕೆ ಹೋಗುವ ಮುಂಚೆ ಚಪ್ಪಲಿ ಕೈಯಲ್ಲಿ ಹಿಡಿದೇ ಬಂದಿದ್ದಳು. ಒಂದು ಎಲೆಯ ತುದಿಯಲ್ಲಿ ಹನಿ ತೂಗಿತು. ಸಾಹೇಬನ ತೆರೆದ ಕಣ್ಣು ಅದನ್ನು ನೋಡಿತು. ಅವನು ಒಂದು ಹೆಜ್ಜೆ ಇಟ್ಟ, ಹಿಂತೆಗೆದ, ಮತ್ತೆ ಇಟ್ಟ.

"ಬೇಗ ಸಹಿ ಹಾಕೋ ಮಹಾರಾಯಾ" ಎಂದು ಪಿಸುಗುಟ್ಟಿದ ಮಗ.

ಸಾಹೇಬ ಹನಿ ನೆಕ್ಕಿದ. ಇನ್ನೊಂದು. ಮತ್ತೊಂದು. ಆಮೇಲೆ ಮುಚ್ಚಿದ್ದ ಕಣ್ಣು ಸಣ್ಣಗೆ ಬಿರಿಯಿತು, ಮೊಗ್ಗು ಬಿರಿದ ಹಾಗೆ. ದೀಪದ ಬಿಸಿಗೆ ಮೈಯ ಕಪ್ಪು ತಿಳಿಯಾಗುತ್ತ ಬಂತು. ಬೆನ್ನಿನಿಂದ ಹಸಿರು ಇಳಿಯಿತು, ಪಕ್ಕೆಯಲ್ಲಿ ನೀಲಿ ಪಟ್ಟೆ ಮೂಡಿತು, ಗಂಟಲಲ್ಲಿ ಚಿಟಿಕೆ ಹಳದಿ.

"ಈ ಹಸಿರು ನೋಡೋ" ಎಂದಳು ಅಜ್ಜಿ ಮಗನಿಗೆ. ಕಣ್ಣಲ್ಲಿ ನೀರು, ಬಾಯಲ್ಲಿ ಬೈಗುಳ. "ಹೀಗೆ ಹಾಕೋದು ಕಲಿ!"

ಹತ್ತು ದಿನದಲ್ಲಿ ಊತ ಇಳಿದು ಬಲಗಾಲೂ ಅಜ್ಜಿಯ ಬೆರಳನ್ನು ಗಟ್ಟಿಯಾಗಿ ಹಿಡಿಯಿತು. ಈಗ ದಿನಾ ಬೆಳಿಗ್ಗೆ ಕಿಟಕಿಯಲ್ಲಿ ಸಾಹೇಬನ ತಪಾಸಣೆ. ಆ ಕುರ್ಚಿಯಲ್ಲಿ ಮಂಕಾಗಿ ಕೂರಲು ಅಜ್ಜಿಗೆ ಪುರುಸೊತ್ತಿಲ್ಲ. ಬೀದಿಯಲ್ಲಿ ಯಾರ ಮನೆಗೆ ಹೊಸ ಗಿಣಿ, ಮೊಲ, ಆಮೆ ಬಂದರೂ ಮೊದಲು ಬಣ್ಣದಜ್ಜಿಯ ಕಿಟಕಿಗೆ ತರುತ್ತಾರೆ. ಅವಳು ಎಡಬಲ ತಿರುಗಿಸಿ ನೋಡುತ್ತಾಳೆ. ಅನುಮಾನ ಬಂದರೆ "ನಾನು ಕಣ್ಣು ಅಷ್ಟೇ, ಕೈ ಡಾಕ್ಟರಮ್ಮಂದು. ನಡೀರಿ ಆಸ್ಪತ್ರೆಗೆ" ಎನ್ನುತ್ತಾಳೆ.

ಓದುತ್ತಿರುವ ಅಕ್ಕ, ಅಣ್ಣ, ಅಜ್ಜಿ, ತಾತಂದಿರೇ, ನಿಮ್ಮ ಮನೆಗೂ ಒಬ್ಬ ಸಾಹೇಬ ಬರುವುದಿದ್ದರೆ ಕಾಡಿನಿಂದ ಹಿಡಿದದ್ದು ಬೇಡವೇ ಬೇಡ. ನಿಮ್ಮಲ್ಲಿ ಸಾಕಲು ಕಾನೂನು ಬಿಡುತ್ತದೆಯೇ ಎಂದು ಮೊದಲು ಕೇಳಿ. ಬಿಟ್ಟರೆ ಕಾಗದವಿರುವವರಿಂದಲೇ ತನ್ನಿ. ತರುವ ದಿನವೇ ಹಗಲ ಬೆಳಕಿನಲ್ಲಿ ಮೈ ನೋಡಿ. ಎರಡೂ ಕಣ್ಣು ತೆರೆದು ತಿರುಗುತ್ತಿರಲಿ, ಬಾಯಿ ಶುಚಿಯಾಗಿ ಮುಚ್ಚಿರಲಿ, ಮೂಳೆ ಎದ್ದು ಕಾಣದಿರಲಿ, ಕಾಲು ನೆಟ್ಟಗಿದ್ದು ನಾಲ್ಕೂ ಪಾದ ಗಟ್ಟಿಯಾಗಿ ಹಿಡಿಯಲಿ. ಚರ್ಮದಲ್ಲಿ ಗಾಯ, ಎಳೆ, ಹಳೆ ಪೊರೆ ಇದೆಯೇ ಎಂದು ಎಡಕ್ಕೂ ಬಲಕ್ಕೂ ತಾಳೆ ನೋಡಿ. ಹಿಕ್ಕೆಯ ಬಿಳಿ ಬಿಳಿಯಾಗಿರಲಿ. ಒಂದು ಸರಿಯಿಲ್ಲ ಅನ್ನಿಸಿದರೂ ನಾಳೆ ನೋಡೋಣ ಎನ್ನಬೇಡಿ, ಅಂದೇ ಪ್ರಾಣಿವೈದ್ಯರ ಹತ್ತಿರ ಹೋಗಿ. ಕೈ ತೊಳೆಯುವುದನ್ನಂತೂ ಮರೆಯಲೇಬೇಡಿ.

ಅಂದಹಾಗೆ, ಅಜ್ಜಿ ಈಗ ಆ ಕಥೆಯನ್ನು ಸ್ವಲ್ಪ ಬದಲಾಯಿಸಿದ್ದಾಳೆ. ಬಣ್ಣ ಹಂಚಿದ ದಿನ ಊಸರವಳ್ಳಿ ತಡವಾಗಿ ಬಂದಾಗ ಯಾರೂ ಹಂಡೆಯ ತಳ ಕೆರೆಯಲು ಓಡಲಿಲ್ಲವಂತೆ. ಮೊದಲು ಅದನ್ನು ಅಂಗೈ ಮೇಲೆ ಹತ್ತಿಸಿಕೊಂಡು ಬೆಳಕಿಗೆ ಹಿಡಿದರಂತೆ. ಕಾಲು ನೋಯುತ್ತಿದೆಯಾ ಮಗಾ ಎಂದು ನೋಡಿ, ಒಂದು ಹನಿ ನೀರು ಕೊಟ್ಟರಂತೆ. ಬಣ್ಣ ಕೊಟ್ಟಿದ್ದು ಆಮೇಲೆ.